ಪಟ್ಟಿಯಲ್ಲಿ ಏಳನೇ ಹೆಸರು

ಆ ಹೆಂಗಸು ಸಾಹುಕಾರರ ಕಲ್ಯಾಣದುರ್ಗದ ಮನೆಯ ಜಗಲಿ ಹತ್ತಿ ಬಂದದ್ದು ಒಂದು ಭಾನುವಾರದ ಬೆಳಗ್ಗೆ. ಮೈತುಂಬ ಸೆರಗು ಹೊದ್ದು, ಎಡಗೈಯಲ್ಲಿ ಅರ್ಜಿ ಚಾಚಿದಳು. ಎಡಗೈಯಲ್ಲಿ ಕಾಗದ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

“ಬಲಗೈಲಿ ಕೊಡಮ್ಮ, ಅಷ್ಟೂ ಗೊತ್ತಾಗಲ್ವಾ?” ಅಂದೆ.

ಆಕೆ ಸೆರಗು ಸರಿಸಿ ಬಲಗೈಯನ್ನು ನನ್ನ ರಿಜಿಸ್ಟರಿನ ಪಕ್ಕದಲ್ಲೇ ಮೇಜಿನ ಮೇಲಿಟ್ಟಳು. ಹೆಬ್ಬೆರಳು, ಕಿರುಬೆರಳು ಸರಿಯಾಗಿದ್ದವು. ನಡುವಿನ ಮೂರು ಬೆರಳು ಬುಡದಲ್ಲಿ ಹೊಲಿಗೆ ಹಾಕಿಸಿಕೊಂಡು, ಬಿಳಿಚಿಕೊಂಡು, ನೆಟ್ಟಗೆ ನಿಂತಿದ್ದವು. ಮಡಚು ಎಂದರೆ ಮಡಚಲಾರವು. ತಪ್ಪಾಯ್ತು ಅನ್ನಬೇಕಿತ್ತು, ಅನ್ನಲಿಲ್ಲ. ಕುರ್ಚಿ ಎಳೆದು ಕೂರಿಸಿದೆ.

ನಾನು ಅಲ್ಲಿ ಕೂತಿದ್ದುದು ಸಾಹುಕಾರರ ಪರವಾಗಿ. ಸಾಹುಕಾರರು ಎಂದರೆ ಆಂಧ್ರದ ಹಿಂದೂಪುರದಿಂದ ಲೋಕಸಭೆಗೆ ಹೋದ ನಮ್ಮ ಸದಸ್ಯರು. ಜಗತ್ತೆಲ್ಲ ಈಗ ಅವರನ್ನು ‘ಎಂಪಿಗಾರು’ ಅನ್ನುತ್ತದೆ. ಹನ್ನೆರಡು ವರ್ಷ ಅವರ ರೇಷ್ಮೆ ನೂಲಿನ ಅಂಗಡಿಯಲ್ಲಿ ಕಾಗದಪತ್ರ ನೋಡಿಕೊಂಡವಳ ಬಾಯಿಗೆ ಹೊಸ ಹೆಸರು ಹತ್ತಲಿಲ್ಲ. ಅವರು ಗೆದ್ದ ಮೇಲೆ ನನಗೂ ಬಡ್ತಿ ಸಿಕ್ಕಿತು: ಅದೇ ಕುರ್ಚಿ, ಅದೇ ಅಲ್ಮೇರಾ, ಹೆಸರು ಮಾತ್ರ ಆಪ್ತ ಸಹಾಯಕಿ.

ಬ್ರಹ್ಮಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಕಲ್ಯಾಣದುರ್ಗದಲ್ಲಿ ಓದು ಬಿಟ್ಟು, ಹಿಂದೂಪುರಕ್ಕೆ ಬಂದು ನೂಲಿನ ಗಂಟು ತಲೆಯ ಮೇಲೆ ಹೊತ್ತವರು ಅವರು. ಆಮೇಲೆ ನೂಲು ಹುರಿ ಮಾಡುವ ಎರಡು ಮಿಷನ್ನು, ಅದಾದ ಮೇಲೆ ಅಂಗಡಿ, ಅದಾದ ಮೇಲೆ ಕಲ್ಯಾಣ ಮಂಟಪ. ಊರ ಜಗಳ ಬಿಡಿಸುತ್ತ ಬಿಡಿಸುತ್ತ ಟಿಕೆಟ್ಟೂ ಬಂತು. ಕಲ್ಯಾಣದುರ್ಗ ನಮ್ಮ ಕ್ಷೇತ್ರಕ್ಕೆ ಸೇರಿದ್ದಲ್ಲ. ಅಲ್ಲಿಯವರು ನಮಗೆ ವೋಟು ಹಾಕಲಾರರು, ಅರ್ಜಿ ಮಾತ್ರ ಹಾಕುತ್ತಾರೆ. ಹುಟ್ಟಿದ ನೆಲದವರಿಗೆ ಇಲ್ಲವೆನ್ನಲಾಗದೆ ಸಾಹುಕಾರರು ತಿಂಗಳಿಗೊಂದು ಭಾನುವಾರ ತಮ್ಮ ಹಳೆಯ ಮನೆಯನ್ನು ಅರ್ಜಿಗಳಿಗೆ ತೆರೆದಿಟ್ಟಿದ್ದರು.

ಹೆಂಗಸು ಕಂಬದೂರಿನ ಕಡೆಯವಳು. ಹಿಂದೂಪುರದ ಮಿಲ್ಲಿನಲ್ಲಿ ಕೆಲಸ, ಅಲ್ಲೇ ಐದಾರು ಹೆಂಗಸರೊಂದಿಗೆ ಒಂದು ರೂಮಿನಲ್ಲಿ ವಾಸ.

“ನೂಲು ಹುರಿ ಮಾಡೋ ಮಿಲ್ಲು ಕಣಮ್ಮ. ಬೋರ್ಡಿಗೆ ದೇವ್ರ ಹೆಸ್ರು ಹಾಕವ್ರೆ. ಬೆಲ್ಟು ಜಾರ್ತು ಅಂತ ಕೈ ಇಕ್ಕಿದೆ, ಎಳ್ಕಂಬುಡ್ತು.”

“ಮಿಷನ್ ನಿಲ್ಸಿ ಕೈ ಇಕ್ಕಬಾರ್ದಾಗಿತ್ತಾ?”

“ನಿಲ್ಸಿದ್ರೆ ಮೇಸ್ತ್ರಿ ಸುಮ್ಕಿರ್ತಾನಾ? ಓಡ್ತಿರೋವಾಗ್ಲೇ ಬೆಲ್ಟು ಏರ್ಸೋದು, ಎಲ್ರೂ ಅಂಗೇ ಮಾಡೋದು.”

ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಸ್ತ್ರಿ ಅಲ್ಲಿ ಹೇಳಿದ್ದು ಬೇರೆಯೇ. ಊರಲ್ಲಿ ಮೇವು ಕತ್ತರಿಸುವ ಮಿಷನ್ನಿಗೆ ಕೈ ಕೊಟ್ಟಳು ಎಂದಿದ್ದ. ಚೀಟಿಯಲ್ಲೂ ಹಾಗೇ ಬರೆದಿತ್ತು. ಆ ಕೈಯಿಂದ ಇನ್ನು ನೂಲಿನ ಕೆಲಸ ಆಗದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಾರ್ಮಿಕರ ವಿಮಾ ಕಾರ್ಡು ಇದ್ದಿದ್ದರೆ ಚಿಕಿತ್ಸೆಯೂ ನಡೆಯುತ್ತಿತ್ತು, ಬದುಕಿರುವವರೆಗೆ ತಿಂಗಳು ತಿಂಗಳು ಪಿಂಚಣಿಯೂ ಬರುತ್ತಿತ್ತು. ಮಿಲ್ಲಿನವರು ಯಾರಿಗೂ ಕಾರ್ಡು ಮಾಡಿಸಿರಲಿಲ್ಲ.

“ನಿನಗೇನಾಗ್ಬೇಕು ಈಗ?” ಎಂದು ಕೇಳಿದೆ.

“ಮಿಲ್ಲಲ್ಲಿ ದುಡೀತಿದ್ದೆ, ಅಲ್ಲೇ ಕೈ ಹೋಯ್ತು ಅಂತ ಯಾರಾದ್ರೂ ಬರ್ದು ಕೊಡ್ಬೇಕು ಕಣಮ್ಮ. ಅಷ್ಟೇ.”

ಅಷ್ಟೇ ಅಂದಳಲ್ಲ, ಅದಕ್ಕಾಗಿ ನಾನು ಕಾರ್ಮಿಕ ವಿಮಾ ಕಚೇರಿಗೆ ಮೂರು ಪತ್ರ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಮಿಲ್ಲಿನ ಬೋರ್ಡಿನ ಹೆಸರು ಹಿಡಿದು ಹುಡುಕಿದರೆ ಹಿಂದೂಪುರದ ಕೈಗಾರಿಕಾ ಪ್ರದೇಶದಲ್ಲಿ ಅದೇ ದೇವರ ಹೆಸರಿನವು ನಾಲ್ಕಿದ್ದವು. ಸಿಟ್ಟು ನೆತ್ತಿಗೇರಿತು. ಪತ್ರ ಬೇಡ, ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಹಾಕಿಬಿಡೋಣ ಅಂದುಕೊಂಡೆ.

ಪ್ರಶ್ನೆ ಹಾಕುವುದು ಅಂಗಡಿಯಲ್ಲಿ ಕೂತು ಕೂಗಿದಷ್ಟು ಸುಲಭವಲ್ಲ. ಉತ್ತರ ಬರಬೇಕಾದ ದಿನಕ್ಕೆ ಹದಿನೈದು ದಿನ ಮೊದಲೇ ನೋಟಿಸು ಹೋಗಬೇಕು. ಯಾವ ಮಂತ್ರಾಲಯಕ್ಕೆ ಯಾವ ವಾರವೆಂದು ಗೊತ್ತಿರಬೇಕು. ಯಾರನ್ನೂ ಹೆಸರು ಹಿಡಿದು ದೂರುವಂತಿಲ್ಲ. ‘ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ವಿವರಗಳೇನು’ ಎಂಬ ಧಾಟಿಯಲ್ಲಿ ಹಲ್ಲು ಕಚ್ಚಿಕೊಂಡು ವಿನಯವಾಗಿ ಬರೆಯಬೇಕು. ಬಾಯಲ್ಲಿ ಉತ್ತರ ಬೇಕೆಂದರೆ ನಕ್ಷತ್ರದ ಗುರುತು ಹಾಕಿ ಕಳಿಸಬೇಕು. ಅಂಥವು ನೂರಾರು ಬರುತ್ತವೆ, ಚೀಟಿ ಎತ್ತುತ್ತಾರೆ, ಮೇಲೆ ಬಂದ ನಾಲ್ಕೈದಕ್ಕೆ ಮಾತ್ರ ಮಂತ್ರಿ ಎದ್ದು ನಿಂತು ಉತ್ತರ ಕೊಡುವಷ್ಟು ಹೊತ್ತು ಇರುತ್ತದೆ.

ಇಂಥ ಕೆಲಸದಲ್ಲಿ ನನಗೆ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ. ಫಾರಂ ತುಂಬುವುದರಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದೇ ನಂಬಿದ್ದೆ. ನಾಲ್ಕು ಭಾಗದ ಪ್ರಶ್ನೆ ಬರೆದೆ. ಹಿಂದೂಪುರದ ಸುತ್ತಿನ ಎಷ್ಟು ಕಾರ್ಖಾನೆಗಳು ಕಾರ್ಮಿಕರನ್ನು ವಿಮೆಗೆ ನೋಂದಾಯಿಸಿಲ್ಲ; ಆ ಕಾರ್ಖಾನೆಗಳ ಹೆಸರೇನು, ಪರವಾನಗಿ ಯಾರದು; ಅವುಗಳ ಮೇಲೆ ಏನು ಕ್ರಮ; ಎಂದಿಗೆ ನೋಂದಣಿ. ‘ಪರವಾನಗಿ ಯಾರದು’ ಎಂಬುದನ್ನು ಸೇರಿಸಿದ್ದು ನಾನೇ. ನಾಲ್ಕು ದೇವರಲ್ಲಿ ಯಾವ ದೇವರೆಂದು ಗೊತ್ತಾಗಲಿ ಎಂದು.

ಸಾಹುಕಾರರು ಓದಿ, “ಚೆನ್ನಾಗಿ ಬರ್ದಿದ್ದೀಯ ಕಣಮ್ಮ, ನೆತ್ತರು ಬರಂಗೆ ಚುಚ್ಚೈತೆ” ಎಂದು ಸಹಿ ಹಾಕಿದರು.

ಚೀಟಿಯಲ್ಲಿ ನಮ್ಮ ಪ್ರಶ್ನೆ ಮೂರನೆಯದಾಗಿ ಬಂತು. ಮೊದಲ ಸಲ ಗೆದ್ದ ಸದಸ್ಯರಿಗೆ, ಅದೂ ಮೊದಲ ಪ್ರಯತ್ನದಲ್ಲೇ! ಅಂಗಡಿಯಲ್ಲಿ ಎಲ್ಲರಿಗೂ ಜಿಲೇಬಿ ಹಂಚಿದೆವು. ಸಾಹುಕಾರರು ಹೊಸ ಅಂಗವಸ್ತ್ರ ತೆಗೆಸಿಟ್ಟರು.

ದೆಹಲಿಯ ಅವರ ಫ್ಲ್ಯಾಟಿನಲ್ಲಿ ಆ ದಿನ ನಾನು ಆರಕ್ಕೇ ಎದ್ದು ಪ್ರಿಂಟರಿಗೆ ಕಾಗದ ತುಂಬಿಸಿ ಕೂತೆ. ಪ್ರಶ್ನೋತ್ತರ ಶುರುವಾಗುವುದು ಹನ್ನೊಂದಕ್ಕೆ. ಅದಕ್ಕೆ ಸ್ವಲ್ಪ ಮೊದಲು ಮಂತ್ರಾಲಯದ ಉತ್ತರ ಸದಸ್ಯರಿಗೆ ಸಿಗುತ್ತದೆ. ಅದನ್ನು ನೋಡಿಕೊಂಡು ಉಪಪ್ರಶ್ನೆ ಸಿದ್ಧ ಮಾಡಿಕೊಳ್ಳಬೇಕು. ಹತ್ತಕ್ಕೆ ಎರಡು ಹಾಳೆ ಹೊರಬಂದವು. ಮೊದಲ ಹಾಳೆಯಲ್ಲಿ ಎಂದಿನ ಸಾಲು: ವಿವರವನ್ನು ಸದನದ ಮುಂದೆ ಇರಿಸಲಾಗಿದೆ. ಎರಡನೆಯದು ಪಟ್ಟಿ. ಹನ್ನೊಂದು ಕಾರ್ಖಾನೆ. ಬೆರಳಿಟ್ಟು ಒಂದೊಂದೇ ಓದುತ್ತ ಬಂದೆ.

ಏಳನೆಯದರಲ್ಲಿ ಬೆರಳು ನಿಂತಿತು.

ಬೋರ್ಡಿನ ಹೆಸರು ಅದೇ ದೇವರದು, ಆ ಹೆಸರಿನದು ಪಟ್ಟಿಯಲ್ಲಿ ಇದೊಂದೇ. ಪರವಾನಗಿಯಲ್ಲಿದ್ದ ಸಂಸ್ಥೆಯ ಹೆಸರು ಬೇರೆ, ಅದು ನನಗೆ ಬಾಯಿಪಾಠ. ಅದರ ಮುಂದೆ ಪರವಾನಗಿದಾರರ ಹೆಸರು ಎಂಬಲ್ಲಿ ಸಾಹುಕಾರರ ಪೂರ್ತಿ ಹೆಸರು, ತಂದೆಯ ಹೆಸರು, ನಮ್ಮ ಅಂಗಡಿಯ ವಿಳಾಸ.

ಮತ್ತೆ ಓದಿದೆ. ಹೆಸರು ಅಲ್ಲೇ ಇತ್ತು. ಕಾಗದ ಹಿಡಿದು ಅವರ ಕೋಣೆಗೆ ಹೋದೆ. ಅವರು ರಾಗಿ ಗಂಜಿ ಕುಡಿಯುತ್ತಿದ್ದರು.

“ಏನಮ್ಮಾ ಮುಖ ಹಿಂಗಾಗೈತೆ?”

ಕಾಗದ ಕೊಟ್ಟೆ. ಅವರು ಓದಿದರು. ಲೋಟ ಕೆಳಗಿಟ್ಟರು.

“ಇದೆಂಗಮ್ಮಾ? ಆ ಮಿಲ್ಲು ಮಾರ್ಬುಟ್ಟು ಎಷ್ಟು ವರ್ಷ ಆಯ್ತು! ಪಾಲುದಾರನಿಗೆ ಕೈ ಮೇಲೆ ಕೈ ಹಾಕಿ ಕೊಟ್ಬುಟ್ನಲ್ಲ.”

“ಕಾಗದ ಮಾಡಿದ್ರಾ ಸಾಹುಕಾರ್ರೇ?”

“ಅವನ ಜತೆ ಕಾಗದ ಏನಮ್ಮಾ? ಒಂದೇ ತಟ್ಟೇಲಿ ಉಂಡೋರು ನಾವು.”

ಇದು ನಮ್ಮ ಊರಿನ ವ್ಯಾಪಾರದ ರೀತಿ. ಮಿಷನ್ನು ಮಾರುತ್ತಾರೆ, ಶೆಡ್ಡು ಮಾರುತ್ತಾರೆ, ಪರವಾನಗಿಯ ಹೆಸರು ಮಾತ್ರ ಹಳಬನದೇ ಉಳಿಯುತ್ತದೆ. ಹೊಸದಾಗಿ ಮಾಡಿಸುವುದೆಂದರೆ ಹತ್ತು ಕಡೆ ಅಲೆದಾಟ. ‘ನಿನ್ನ ಹೆಸರಲ್ಲೇ ಓಡ್ಲಿ ಬಿಡಣ್ಣ’ ಅನ್ನುತ್ತಾರೆ, ‘ಓಡ್ಲಿ’ ಅನ್ನುತ್ತಾರೆ. ವರ್ಷಕ್ಕೊಮ್ಮೆ ಪಾಲುದಾರನ ಕಡೆಯವನು ನವೀಕರಣದ ಫಾರಂ ತಂದು ನನ್ನ ಮೇಜಿನ ಮೇಲಿಡುತ್ತಿದ್ದ. ಮುಚ್ಚಿದ ಮಿಲ್ಲಿನ ಪರವಾನಗಿಯನ್ನು ಸುಮ್ಮನೆ ಜೀವಂತ ಇಟ್ಟುಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ. ಹೋದ ವರ್ಷದ ಪ್ರತಿ ತೆಗೆದು ಪಕ್ಕದಲ್ಲಿಟ್ಟುಕೊಂಡು, ಕಾರ್ಮಿಕರ ವಿವರದ ಎದುರು ‘ಹಿಂದಿನಂತೆ’ ಎಂದು ಬರೆದು, ಬೇರೆ ಕಾಗದಗಳ ಕಂತೆಯಲ್ಲಿ ಸೇರಿಸಿ ಸಾಹುಕಾರರ ಮುಂದಿಡುತ್ತಿದ್ದೆ. ಅವರು ಓದದೆ ಸಹಿ ಹಾಕುತ್ತಿದ್ದರು. ಹನ್ನೆರಡು ವರ್ಷ. ಅವರ ಚುನಾವಣೆಯ ಆಸ್ತಿ ಪ್ರಮಾಣಪತ್ರದಲ್ಲೂ ಮುಚ್ಚಿಹೋದ ಮಿಲ್ಲು ಎಂದು ಅದನ್ನು ಬಿಟ್ಟಿದ್ದೆವು. ಅದನ್ನು ತುಂಬಿದವಳೂ ನಾನೇ.

ಆ ಕ್ಷಣ ಆ ಹೆಂಗಸಿನ ಕೈ ನನ್ನ ಕಣ್ಣಿಗೆ ಕಟ್ಟಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ನನಗೆ ಕಂಡದ್ದು ಸಾಹುಕಾರರ ಕುರ್ಚಿ, ಅದರ ಪಕ್ಕದಲ್ಲಿ ನನ್ನ ಕುರ್ಚಿ.

“ಇವತ್ತು ಹೋಗ್ಬ್ಯಾಡಿ ಸಾಹುಕಾರ್ರೇ. ಜ್ವರ ಅಂತ ಹೇಳ್ತೀನಿ.”

“ಹೋಗ್ದಿದ್ರೆ ಏನಾಯ್ತದೆ?”

“ಹೆಸ್ರು ಕರೀತಾರೆ, ನೀವಿರಲ್ಲ, ಮುಂದಿನ ಪ್ರಶ್ನೆಗೆ ಹೋಯ್ತಾರೆ. ಪಟ್ಟಿ ಹೆಂಗೂ ಸದನದ ಕಾಗದಕ್ಕೆ ಸೇರ್ತದೆ. ಆದ್ರೆ ಯಾರೂ ಓದಲ್ಲ.”

ಅವರು ಫೋನು ಹಿಡಿದು ಬಾಲ್ಕನಿಗೆ ಹೋದರು. ಗಾಜಿನಾಚೆ ಅವರ ಬೆನ್ನು ಕಾಣುತ್ತಿತ್ತು. ಹತ್ತು ನಿಮಿಷ ಆಗಿರಬೇಕು. ಒಳಗೆ ಬಂದವರು ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡರು.

“ಸರಿ ಬಿಡಮ್ಮ, ಹೋಯ್ತೀನಿ. ನೀನು ಟೀವಿ ನೋಡು” ಅಂದರು.

ಟೀವಿ ಮುಂದೆ ನಾನು ಕೂರಲಿಲ್ಲ, ನಿಂತೇ ಇದ್ದೆ. ಮೊದಲ ಪ್ರಶ್ನೆ, ಎರಡನೇ ಪ್ರಶ್ನೆ. ಮೂರನೆಯದಕ್ಕೆ ನಮ್ಮವರ ಹೆಸರು ಕರೆದರು. ಎದ್ದರು. ತೆಲುಗಿನಲ್ಲಿ ಮಾತಾಡಿದರು. ನೋಂದಣಿ ಎಷ್ಟು ದಿನದಲ್ಲಿ ಆಗುತ್ತದೆ ಎಂದು ಕೇಳಿದರು. ಮಂತ್ರಿ ಏನೋ ಉದ್ದ ಹೇಳಿದರು. ಸದ್ಯ, ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಸಾಹುಕಾರರು ಎರಡನೇ ಉಪಪ್ರಶ್ನೆಗೆ ಎದ್ದರು.

“ಅಧ್ಯಕ್ಷಾ, ಈ ಜಾಬಿತಾಲೋ ಏಡೋ ಪೇರು ನಾದೇ” ಅಂದರು.

ಈ ಪಟ್ಟಿಯ ಏಳನೇ ಹೆಸರು ನನ್ನದೇ. ಅವರು ಮುಂದುವರಿಸಿದರು: ಆ ಮಿಲ್ಲಿನಲ್ಲಿ ಕಂಬದೂರಿನ ನಮ್ಮ ತಂಗಿಯೊಬ್ಬಳ ಕೈ ಹೋಗಿದೆ, ನನ್ನ ಹೆಸರಿನಿಂದಲೇ ಕ್ರಮ ಶುರು ಮಾಡಿ. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಮೇಜು ತಟ್ಟಿದರು. ಆಮೇಲೆ ಎದುರು ಪಕ್ಷದವರೂ ತಟ್ಟಿದರು. ನಾನು ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂತು ಅತ್ತೆ. ಜ್ವರದ ನೆಪ ಹೇಳಿಕೊಟ್ಟಿದ್ದೆನಲ್ಲ, ಆ ನಾಚಿಕೆಗೂ ಅತ್ತೆ.

ಹಿಂದೂಪುರದಲ್ಲಿ ಹಾರ, ತಮಟೆ, ಫ್ಲೆಕ್ಸು. ಆ ಮಾತಿನ ತುಣುಕು ಎಲ್ಲರ ಫೋನಿನಲ್ಲೂ ಓಡಿತು. ವಾರ ಕಳೆಯುವಷ್ಟರಲ್ಲಿ ವಿಮಾ ಕಚೇರಿಯ ತನಿಖಾಧಿಕಾರಿ ಮಿಲ್ಲಿಗೆ ಹೋದರು, ಹಾಜರಿ ಪುಸ್ತಕ ತೆಗೆಸಿದರು, ಅದರಲ್ಲಿದ್ದ ಎಲ್ಲ ಹೆಂಗಸರಿಗೂ ಕಾರ್ಡಿನ ಕೆಲಸ ಶುರುವಾಯಿತು. ನಾನು ಹೆಮ್ಮೆಯಿಂದ ಫೋನು ಕಾಯುತ್ತಿದ್ದೆ. ಫೋನು ಬಂತು.

“ಮೇಡಂ, ನಿಮ್ಮ ಅರ್ಜಿದಾರರ ಹೆಸರು ಪುಸ್ತಕದಲ್ಲಿಲ್ಲ” ಅಂದರು ತನಿಖಾಧಿಕಾರಿ.

“ಹರಿದು ಹಾಕಿರ್ಬೇಕು ಸಾರ್.”

“ಹಾಳೆ ಎಲ್ಲ ಸರಿಯಾಗಿವೆ. ಆ ಮಿಷನ್ನಿನ ಎದುರು ಬೇರೆ ಹೆಂಗಸಿನ ಹೆಸರಿದೆ. ಅಪಘಾತ ಆಯಿತೆನ್ನುವ ದಿನವೂ ಆಕೆಗೇ ಹಾಜರಿ. ಆಕೆಯನ್ನು ನೋಡಿದೆ. ಹತ್ತು ಬೆರಳೂ ಚೆನ್ನಾಗಿವೆ.”

ಮರುದಿನ ಕಲ್ಯಾಣದುರ್ಗದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಕಂಬದೂರಿನ ಕಡೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಹೆಂಗಸು ನನಗೆ ಸುಳ್ಳು ಹೇಳಿದಳೇ? ಮೇವಿನ ಮಿಷನ್ನಿನ ಕಥೆಯೇ ನಿಜವೇ? ಒಂದು ಸುಳ್ಳಿಗಾಗಿ ಸಾಹುಕಾರರು ಪಾರ್ಲಿಮೆಂಟಿನಲ್ಲಿ ಎದ್ದು ನಿಂತರೇ? ಮನೆಯ ಮುಂದೆ ಕುರಿಗಳಿಗೆ ನೀರಿಡುತ್ತಿದ್ದವಳನ್ನು ಕಂಡು ಬಾಯಿಗೆ ಬಂದಂತೆ ಬೈದೆ. ಆಕೆ ಒಳಗೆ ಹೋಗಿ ಇನ್ನೊಬ್ಬಳನ್ನು ಕರೆತಂದಳು. ಗಂಡನ ತಂಗಿ. ಹಿಂದಿನ ದಿನವಷ್ಟೇ ಮಿಲ್ಲಿನಿಂದ ಊರಿಗೆ ಬಂದಿದ್ದಳು.

“ಪುಸ್ತಕದಾಗಿರೋ ಹೆಸ್ರು ಇವ್ಳುದು” ಅಂದಳು ಕೈ ಹೋದ ಹೆಂಗಸು. “ಹದಿನೈದು ದಿನ ಇವ್ಳು ಮಿಲ್ಲಿಗೆ, ನಾನು ಕುರಿ ಹಿಂದೆ. ಹದಿನೈದು ದಿನ ನಾನು ಮಿಲ್ಲಿಗೆ, ಇವ್ಳು ಕುರಿ ಹಿಂದೆ. ಇಬ್ರೂ ಹೋದ್ರೆ ಮನೆ ನೋಡೋರ್ಯಾರು? ಹೆಸ್ರು ಒಂದೇ ಇರ್ತದೆ. ಮೇಸ್ತ್ರಿಗೂ ಗೊತ್ತು.”

“ಇದನ್ನ ನನಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ವಲ್ಲ ಕಣಮ್ಮ. ಮಿಲ್ಲಲ್ಲಿ ಅರ್ಧಕ್ಕರ್ಧ ಹೆಂಗಸ್ರು ಅಂಗೇ. ಅತ್ತಿಗೆ ನಾದಿನಿ, ಓರಗಿತ್ತೀರು. ಇದ್ರಾಗೆ ಹೇಳದೇನೈತೆ?”

ನಾದಿನಿ ಅಳುತ್ತಿದ್ದಳು. “ನಂಗೆ ಕಾರ್ಡು ಬತ್ತದಂತೆ. ಕೈ ಹೋಗಿದ್ದು ಇವ್ಳುದು. ಆ ಕಾರ್ಡು ಹೆಂಗೆ ಮುಟ್ಲಿ ನಾನು?” ಅಂದಳು.

ಹೆಸರು ಒಬ್ಬರದು, ದುಡಿಮೆ ಇನ್ನೊಬ್ಬರದು. ಸಾಹುಕಾರರು ಪಾಲುದಾರನಿಗೆ ಮಾಡಿದ್ದೂ ಅದನ್ನೇ. ಒಂದೇ ಮಿಲ್ಲಿನ ಮೇಲೂ ಕೆಳಗೂ ಒಂದೇ ರೀತಿ ನಡೆದಿತ್ತು. ಕೈ ಹೋದದ್ದು ಮಾತ್ರ ಕೆಳಗಿನವಳದು.

ತನಿಖಾಧಿಕಾರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರು ಒಳ್ಳೆಯವರು, ದಾರಿ ಹೇಳಿದರು. ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಸರಿ, ಆ ದಿನ ಆ ಮಿಷನ್ನಿನಲ್ಲಿ ದುಡಿಯುತ್ತಿದ್ದವಳು ಈಕೆಯೇ, ಗಾಯ ಅಲ್ಲೇ ಆದದ್ದು, ಪುಸ್ತಕದ ಬರಹ ತಪ್ಪು ಎಂದು ಪರವಾನಗಿದಾರರು ಬರೆದು ಸಹಿ ಮಾಡಿ ಕೊಟ್ಟರೆ ಸಾಕು ಅಂದರು. ಪರವಾನಗಿದಾರರು ಯಾರು? ನಮ್ಮ ಸಾಹುಕಾರರೇ. ನನಗೆ ನಗು ಬಂತು. ಇಡೀ ದೇಶದೆದುರು ಒಪ್ಪಿಕೊಂಡವರಿಗೆ ಇದೊಂದು ದೊಡ್ಡದೇ? ಇಬ್ಬರು ಹೆಂಗಸರಿಗೂ ಧೈರ್ಯ ಹೇಳಿದೆ. ಎರಡು ದಿನ ಬಿಟ್ಟು ಹಿಂದೂಪುರಕ್ಕೆ ಬಾ, ಕಾಗದ ಕೈಗೆ ಕೊಡುತ್ತೇನೆ ಅಂದೆ.

ಆಕೆ ಬೆಳಗ್ಗೆಯ ಮೊದಲ ಬಸ್ಸಿಗೇ ಬಂದಳು. ಹೊರಗೆ ಬೆಂಚಿನ ಮೇಲೆ ಕೂರಿಸಿ, ಟೈಪು ಮಾಡಿದ ಪತ್ರವನ್ನು ಒಳಗೆ ಒಯ್ದೆ. ಹತ್ತೇ ಸಾಲಿನ ಪತ್ರ. ಎಂದೂ ಓದದೆ ಸಹಿ ಹಾಕುವ ಸಾಹುಕಾರರು ಅವತ್ತು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಪೆನ್ನನ್ನು ಪತ್ರದ ಮೇಲೆ ಅಡ್ಡಲಾಗಿಟ್ಟರು.

“ಇದು ಆಗಲ್ಲ ಕಣಮ್ಮ.”

ನಾನು ತಮಾಷೆ ಅಂದುಕೊಂಡೆ. “ಯಾಕೆ ಸಾಹುಕಾರ್ರೇ, ಕಾಗುಣಿತ ತಪ್ಪೈತಾ?”

“ಇದಕ್ಕೆ ಸಹಿ ಹಾಕಿದ್ರೆ ಮಿಲ್ಲು ನಂದು ಅಂತ ನಾನೇ ಬರ್ದು ಕೊಟ್ಟಂಗೆ. ಸುಳ್ಳು ಹಾಜರಿ ಅಂತ ಕೇಸು. ಚುನಾವಣೆ ಕಾಗದದಾಗೆ ಮುಚ್ಚಿಟ್ಟ ಅಂತ ಇನ್ನೊಂದು ಕೇಸು. ಸೀಟು ಉಳಿಯಲ್ಲ.”

“ಪಾರ್ಲಿಮೆಂಟಲ್ಲಿ ನೀವೇ ಹೇಳಿದ್ರಲ್ಲ, ಏಳನೇ ಹೆಸ್ರು ನಂದೇ ಅಂತ!”

ಸಾಹುಕಾರರು ನನ್ನನ್ನು ಕರುಣೆಯಿಂದ ನೋಡಿದರು. ಆ ನೋಟವನ್ನು ನಾನು ಮರೆಯಲಾರೆ. ಅವರಿಗೆ ಕೋಪವೇ ಇರಲಿಲ್ಲ.

“ಸದನದಾಗೆ ಸದಸ್ಯ ಆಡಿದ್ ಮಾತಿಗೆ ಯಾವ ಕೋರ್ಟಲ್ಲೂ ಕೇಸು ನಡ್ಯಲ್ಲ ಕಣಮ್ಮ. ಕಾನೂನೇ ಅಂಗೈತೆ. ಅವತ್ತು ಬಾಲ್ಕನಿಯಿಂದ ವಕೀಲ್ರಿಗೆ ಫೋನ್ ಮಾಡಿ ಕೇಳ್ಕಂಡೆ. ಎದ್ದು ಹೇಳ್ಬುಡಿ, ಒಳ್ಳೇ ಹೆಸ್ರೂ ಬತ್ತದೆ, ಯಾರೂ ಏನೂ ಮಾಡಕ್ಕಾಗಲ್ಲ ಅಂದ್ರು. ಬರ್ದು ಮಾತ್ರ ಏನೂ ಕೊಡ್ಬ್ಯಾಡಿ ಅಂದ್ರು.”

ದೆಹಲಿಯ ಆ ನೆಲ, ನನ್ನ ಅಳು, ಮೇಜು ತಟ್ಟಿದ ಸದ್ದು, ಎಲ್ಲ ಒಟ್ಟಿಗೇ ನೆನಪಾದವು. ಅವರು ಕೆಟ್ಟವರಾಗಿದ್ದರೆ ಸುಲಭವಿತ್ತು. ನನ್ನ ತಾಯಿಯ ಕಾಯಿಲೆಯಲ್ಲಿ ಮೂರು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದವರು ಅವರು.

“ಅವಳನ್ನ ಕೈ ಬಿಡಲ್ಲ ನಾನು” ಅಂದರು. “ನಮ್ಮ ಕಲ್ಯಾಣ ಮಂಟಪದಾಗೆ ಕೆಲ್ಸ ಕೊಡಾಣ. ಕಸ ಗುಡಿಸ್ಕಂಡು ಇರ್ಲಿ. ಹೋಗಿ ಹೇಳು.”

ಹೊರಗೆ ಬಂದು ಹೇಳಿದೆ. ಸಾಹುಕಾರರು ಸಹಿ ಹಾಕಲಾರರು, ಕೆಲಸ ಕೊಡುತ್ತಾರೆ, ಇಷ್ಟೇ ಹೇಳಿದೆ. ಆಕೆ ಬೆಂಚಿನಿಂದ ಎದ್ದು ಒಳಬಾಗಿಲ ಕಡೆ ತಿರುಗಿ, ಇರುವ ಒಂದೂವರೆ ಕೈಯಲ್ಲಿ ಮುಗಿದಳು.

“ಅಷ್ಟು ಸಾಕು ಕಣಮ್ಮ. ನಮ್ಮಂಥೋರಿಗೋಸ್ಕರ ಅಷ್ಟು ದೊಡ್ಡ ಸಭೇಲಿ ಎದ್ದು ನಿಂತ್ರಲ್ಲ. ಊರೆಲ್ಲ ಸೇರಿ ಫೋನಲ್ಲಿ ನೋಡಿದ್ವಿ. ಎಲ್ರೂ ಚಪ್ಪಾಳೆ ತಟ್ಟಿದ್ರು. ನಂಗೆ ತಟ್ಟಕ್ಕಾಗಲಿಲ್ಲ, ಎಡಗೈಲಿ ತೊಡೆ ಮೇಲೆ ಹೊಡ್ಕಂಡೆ.”

ನಾನು ಸುಮ್ಮನಿದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆಕೆಗೆ ಪೊರಕೆ, ನನಗೆ ಕುರ್ಚಿ, ಸಾಹುಕಾರರಿಗೆ ಸೀಟು. ನಾನು ಆಕೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ: ಬಾಲ್ಕನಿ, ವಕೀಲರು, ಕಾನೂನು. ಹನ್ನೆರಡು ವರ್ಷ ನಾನು ಬರೆದ ‘ಹಿಂದಿನಂತೆ’ಯನ್ನೂ ಬಿಡಲಿಲ್ಲ.

ರಸ್ತೆಯಲ್ಲಿ ಎರಡು ಬಸ್ಸು ಹೋದವು.

“ಕಸ ಗುಡ್ಸಕ್ಕೂ ಎರಡು ಕೈ ಬೇಕಲ್ಲ ಕಣಮ್ಮ” ಅಂದಳು ಕೊನೆಗೆ. ಆಮೇಲೆ, “ಅವ್ರು ಬರ್ದು ಕೊಡಲ್ಲ. ನೀನು ಕೊಡ್ತೀಯಾ?” ಎಂದಳು.

ಒಳಗೆ ಹೋಗಿ ಅಲ್ಮೇರಾ ತೆಗೆದೆ. ಹನ್ನೆರಡು ವರ್ಷದ ನವೀಕರಣದ ಪ್ರತಿಗಳನ್ನು ಹೊರತೆಗೆದು ಜೆರಾಕ್ಸ್ ಮಾಡಿಸಿದೆ. ಹನ್ನೆರಡರಲ್ಲೂ ನನ್ನ ಅಕ್ಷರ, ಅವರ ಸಹಿ. ಮೂಲ ಪ್ರತಿಗಳನ್ನು ಅಲ್ಲೇ ಇಟ್ಟು, ಬೀಗದ ಕೈಯನ್ನು ಸಾಹುಕಾರರ ಮೇಜಿನ ಮೇಲಿಟ್ಟೆ. ಅವರು ಜೆರಾಕ್ಸಿನ ಕಟ್ಟು ನೋಡಿದರು, ನನ್ನ ಮುಖ ನೋಡಿದರು. ಕಸಿದುಕೊಳ್ಳಬಹುದಿತ್ತು, ಕಸಿದುಕೊಳ್ಳಲಿಲ್ಲ.

“ನಿಂಗೂ ಅದ್ರಾಗೆ ಕೇಸು ಬತ್ತದೆ ಕಣಮ್ಮ” ಎಂದಷ್ಟೇ ಅಂದರು.

“ಗೊತ್ತು ಸಾಹುಕಾರ್ರೇ, ಬತ್ತೀನಿ” ಅಂದೆ. ಹನ್ನೆರಡು ವರ್ಷ ದಿನಾ ಸಂಜೆ ಹೇಳುತ್ತಿದ್ದ ಮಾತು ಅದೇ. ಆ ದಿನ ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ.

ವಿಮಾ ಕಚೇರಿಗೆ ಅರ್ಜಿಯನ್ನು ನಾನೇ ಬರೆದೆ, ಆಕೆ ಎಡಗೈ ಹೆಬ್ಬೆರಳು ಒತ್ತಿದಳು. ವಿಚಾರಣೆ ಎರಡು ತಿಂಗಳ ಮೇಲೆ ಬಂತು. ಆ ಕೋಣೆಯಲ್ಲಿ ಮೇಜು ತಟ್ಟುವವರಿರಲಿಲ್ಲ. ಅಧಿಕಾರಿ, ಟೈಪು ಮಾಡುವವರೊಬ್ಬರು, ಮಿಲ್ಲಿನ ಪರ ವಕೀಲರು, ನಾವಿಬ್ಬರು. ಅಧಿಕಾರಿ ಹನ್ನೆರಡು ಹಾಳೆಗಳನ್ನೂ ಒಂದೊಂದಾಗಿ ನನ್ನೆದುರು ಹಿಡಿದರು. ಅಕ್ಷರ ನಿಮ್ಮದೇ? ಹೌದು. ಇದೂ? ಹೌದು.

“ಗೊತ್ತಿದ್ದು ಬರೆದಿರಾ, ಗೊತ್ತಿಲ್ಲದೆ ಬರೆದಿರಾ?” ಎಂದು ಮಿಲ್ಲಿನ ವಕೀಲರು ಕೇಳಿದರು.

“ಓದದೆ ಬರೆದೆ” ಅಂದೆ. ಈ ಉತ್ತರ ಕೇಳಿ ಹೆಚ್ಚು ಬೆಚ್ಚಿದ್ದು ನಾನೇ ಇರಬೇಕು.

ಆಮೇಲೆ ಕಂಬದೂರಿನ ಮನೆಯಲ್ಲಿ ಕಂಡದ್ದು, ಕೇಳಿದ್ದು, ನಾದಿನಿ ಹೇಳಿದ್ದು, ಎಲ್ಲ ಹೇಳಿದೆ. ತೆಲುಗಿನಲ್ಲಿ ಟೈಪಾದ ಹೇಳಿಕೆಯನ್ನು ನನ್ನ ಕಡೆ ತಿರುಗಿಸಿ ಸಹಿಯ ಜಾಗ ತೋರಿಸಿದರು. ನಾನು ಪೆನ್ನು ಮುಟ್ಟಲಿಲ್ಲ. ಮೊದಲ ಸಾಲಿನಿಂದ ಕನ್ನಡ ಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದೆ. ಅಧಿಕಾರಿ ಗಡಿಯಾರ ನೋಡಿದರು, ಬೇಡವೆನ್ನಲಿಲ್ಲ. ಮೂರನೇ ಸಾಲಿನಲ್ಲಿ ಆಕೆಯ ಹೆಸರು ಬಂತು. ಆಕೆಯದೇ ಹೆಸರು, ಗಂಡನ ಹೆಸರು, ಊರು, ‘ಈ ಮಿಲ್ಲಿನಲ್ಲಿ ದುಡಿಯುತ್ತಿದ್ದವಳು’ ಎಂಬ ಮಾತು.

ಆಕೆ ನನ್ನ ಮೊಣಕೈ ಹಿಡಿದಳು.

“ಅದನ್ನ ಇನ್ನೊಂದ್ಸಲ ಓದು ಕಣಮ್ಮ” ಅಂದಳು.

ಓದಿದೆ. ಕೊನೆಯವರೆಗೂ ಓದಿ ಮುಗಿಸಿ, ಆಮೇಲೆ ಸಹಿ ಮಾಡಿದೆ.